ಏಳನೆಯ ಹಾಳೆ

ಓಕಿ ದ್ವೀಪ
೧೯೬೨, ಏಪ್ರಿಲ್ ೯

ಹಿಸಾಯೊ,

ಕಾಗದ ಬರೆಯುವಾಗ ಮೊದಲು ಹವೆಯ ವಿಚಾರ ಹೇಳಬೇಕೆಂದು ಆರನೆಯ ತರಗತಿಯಲ್ಲಿ ಕಲಿಸಿದ್ದರು. ಏಳನೆಯದಕ್ಕೆ ನಾನು ಹೋಗಲಿಲ್ಲವಾದ್ದರಿಂದ ಅದಾದ ಮೇಲೆ ಏನು ಹೇಳಬೇಕೋ ತಿಳಿಯದು. ಹವೆ ಇದೆ. ಗಾಳಿಯೂ ಇದೆ. ಇನ್ನು ವಿಷಯಕ್ಕೆ ಬರುತ್ತೇನೆ.

ಮಾತ್ಸುಯೆ ಪಟ್ಟಣದ ಅಷ್ಟು ದೊಡ್ಡ ಕಮೆಜಿಮಾಯಾ ಅಂಗಡಿಯಲ್ಲಿ ನಿನಗೆ ಕೆಲಸ ಸಿಕ್ಕಿದ್ದನ್ನು ನಿನ್ನ ತಾಯಿ ಊರಿಗೆಲ್ಲ ಹೇಳಿಕೊಂಡು ಬಂದಳು. ನೂರಾ ನಲವತ್ತು ಹುಡುಗಿಯರಲ್ಲಿ ಒಂಬತ್ತು ಜನ, ಅದರಲ್ಲಿ ನೀನೊಬ್ಬಳು. ಯಾಕೆ ಎಂದು ಅವಳಿಗೆ ಗೊತ್ತಿಲ್ಲ. ನನಗೆ ಗೊತ್ತು. ಅರ್ಜಿಯ ಅಕ್ಷರ ನೋಡಿ ತೆಗೆದುಕೊಂಡಿದ್ದಾರೆ. ಅಕ್ಷರ ಯಾರದು?

ಫೆಬ್ರವರಿಯಲ್ಲಿ ನನ್ನ ಒಲೆಯ ಮುಂದೆ ನೀನು ಕೂತಿದ್ದು ನೆನಪಿದೆಯಲ್ಲ. 'ಸ್ವಂತ ಕೈಯಲ್ಲಿ ಬರೆದಿರಬೇಕು, ತಿದ್ದಿದ್ದರೆ ನೋಡುವುದಿಲ್ಲ' ಎಂದು ಅವರು ಅಚ್ಚು ಹಾಕಿಸಿದ್ದರು. ನೀನು ಆರು ಹಾಳೆ ಕೆಡಿಸಿದೆ. ಏಳನೆಯದು ಕೊನೆಯ ಸಾಲಿಗೆ ಬಂದಾಗ ಅದರ ಮೇಲೆ ಮಸಿಯ ಹನಿ ಬಿತ್ತು. ನೀನು ಮುಖ ಮುಚ್ಚಿಕೊಂಡು ಅತ್ತೆ. ಆಗ ನಾನು, "ಸರಿ ಸರಿ, ಇತ್ತ ಕೊಡು ಲೇಖನಿ, ಈ ಕೈ ಇರೋದು ಯಾತಕ್ಕೆ" ಎಂದೆ. ಒಂದೇ ಸಲ ಕೂತು ಮುಗಿಸಿದೆ. ಕೆಟ್ಟ ಹಾಳೆಗಳನ್ನೆಲ್ಲ ಒಲೆಗೆ ಹಾಕಿದೆ.

ಇನ್ನೊಂದು ಮಾತು. 'ವಿಶೇಷ ಪರಿಣತಿ' ಎಂಬ ಕಡೆ ನೀನು ಏನೂ ಹೇಳಿರಲಿಲ್ಲ. ಅಲ್ಲಿ ಖಾಲಿ ಜಾಗ ಕಂಡು ನನ್ನ ಕೈ ಸುಮ್ಮನಿರಲಿಲ್ಲ. 'ಕುಂಚಬರಹ, ಮೇಲ್ದರ್ಜೆ' ಎಂದು ಸೇರಿಸಿ ಲಕೋಟೆ ಅಂಟಿಸಿಬಿಟ್ಟೆ. ನೋಡಲು ಬಹಳ ಚೆನ್ನಾಗಿ ಕೂತಿತು.

ನಿನ್ನ ಸೋದರಮಾವ,
ಗೆನ್ಕಿಚಿ


ಮಾತ್ಸುಯೆ
೧೯೬೨, ಮೇ ೨

ಮಾವನಿಗೆ ನಮಸ್ಕಾರ.

ನೀವು ಸೇರಿಸಿದ ಆ ಒಂದು ಸಾಲಿನಿಂದ ನನಗೇನಾಗಿದೆ ಗೊತ್ತೆ? ನಾನು ಕಾಲುಚೀಲದ ವಿಭಾಗ ಕೇಳಿದ್ದೆ. ಸಿಬ್ಬಂದಿ ಮುಖ್ಯಸ್ಥರು ನನ್ನ ಅರ್ಜಿ ತೆಗೆದು, "ಈ ಕೈನ ಕಾಲುಚೀಲದಲ್ಲಿ ಮುಚ್ಚಿಡೋಕಾಗತ್ತೇನಮ್ಮ?" ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮೇಲೆ ನನ್ನನ್ನು ಉಡುಗೊರೆ ವಿಭಾಗದ ಬರಹದ ಮೇಜಿಗೆ ಕಳಿಸಿದರು.

ಉಡುಗೊರೆ ಪೊಟ್ಟಣಕ್ಕೆ ಸುತ್ತುವ ಬಿಳಿ ಹಾಳೆಯ ಮೇಲೆ ಕೊಡುವವರ ಹೆಸರನ್ನು ಕುಂಚದಿಂದ ಬರೆಯುವುದು ಇಲ್ಲಿಯ ಕೆಲಸ. ಗಿರಾಕಿ ಎದುರಿಗೇ ನಿಂತಿರುತ್ತಾರೆ. ಇಪ್ಪತ್ತಾರು ವರ್ಷದಿಂದ ಅದನ್ನು ಮಾಡುತ್ತಿರುವ ಒರಿತೊ ಎಂಬ ಹಿರಿಯರ ಪಕ್ಕದಲ್ಲಿ ನನ್ನ ಜಾಗ. ಮೊದಲ ದಿನವೇ ಮಣಿಕಟ್ಟು ಉಳುಕಿದೆ ಎಂದು ಬಟ್ಟೆ ಸುತ್ತಿಕೊಂಡು ಹೋದೆ. ಈಗ ಮಸಿ ಅರೆದು ಕೊಡುತ್ತೇನೆ, ಹಾಳೆ ಮಡಿಸುತ್ತೇನೆ. ಮೂರು ವಾರವಾಯಿತು. ಎಷ್ಟು ದಿನ ಉಳುಕಿರುತ್ತದೆ ಕೈ?

ಅಮ್ಮನಿಗೆ ಹೇಳಬೇಡಿ. ಮುಂದಿನ ಚಳಿಗಾಲ ಅವಳು ಹತ್ತು ಕಾಲಿನ ಬೊಂಡಾಸ್ ಮೀನು ತೊಳೆಯುವ ತೊಟ್ಟಿಗೆ ಕೈ ಹಾಕಬಾರದು ಎಂದೇ ನಾನು ಇಲ್ಲಿಗೆ ಬಂದದ್ದು. ಅವಳ ಬೆರಳುಗಳು ಉಪ್ಪುನೀರಿಗೆ ಹೇಗಾಗಿವೆ ಎಂದು ನೀವೇ ನೋಡಿದ್ದೀರಿ. ಈ ಕೆಲಸ ಹೋಗಕೂಡದು.

ಹಿಸಾಯೊ


ಓಕಿ
೧೯೬೨, ಮೇ ೧೦

ಹಿಸಾಯೊ,

ಹೆದರುವವರು ನಮ್ಮ ಮನೆಯಲ್ಲಿ ಹುಟ್ಟುವುದಿಲ್ಲ. ಆ ಹೆದರಿಕೆಯನ್ನು ನೀನು ನಿನ್ನ ಅಪ್ಪನ ಕಡೆಯವರಿಂದ ತಂದಿರಬೇಕು.

ಇಪ್ಪತ್ತಾರು ವರ್ಷ ಬರೆದಳಂತೆ, ದೊಡ್ಡ ವಿಷಯ. ನಾನು ಮೂವತ್ತೊಂದು ವರ್ಷದಿಂದ ಈ ದ್ವೀಪದ ಒಣಮೀನಿನ ಪೆಟ್ಟಿಗೆಗಳ ಮೇಲೆಲ್ಲ ಬರೆಯುತ್ತಿದ್ದೇನೆ. ಒಸಾಕಾದ ವ್ಯಾಪಾರಿಗಳು ಪೆಟ್ಟಿಗೆ ಬಿಚ್ಚುವ ಮೊದಲು ಅಕ್ಷರ ನೋಡುತ್ತಾರೆ. ಕೊನೆಯ ಗೆರೆ ಎಳೆದು ತುದಿಯಲ್ಲಿ ಸಣ್ಣಗೆ ಒಂದು ಬಾಲ ಬಿಡುತ್ತೇನಲ್ಲ, ಬೊಂಡಾಸಿನ ಕಾಲಿನ ಹಾಗೆ? ಅದನ್ನು ಕಂಡರೆ ಗೆನ್ಕಿಚಿ ಬರೆದದ್ದೆಂದು ಕುರುಡನೂ ಹೇಳುತ್ತಾನೆ.

ದಾರಿ ಹೇಳುತ್ತೇನೆ, ಕೇಳು. ಬೇಸಿಗೆಯಲ್ಲಿ ತಮ್ಮ ಗಿರಾಕಿಗಳಿಗೆ ಉಡುಗೊರೆ ಕಳಿಸುವ ಕಂಪನಿಯವರು ಒಂದೇ ಹೆಸರಿನ ಇನ್ನೂರು ಮುನ್ನೂರು ಹಾಳೆ ಬರೆಸುತ್ತಾರೆಂದು ಹಡಗಿನ ಗುಮಾಸ್ತ ಹೇಳಿದ. ಅಂಥವನ್ನು, "ಹಾಸ್ಟೆಲಿನಲ್ಲಿ ನಿಧಾನವಾಗಿ ಬರೀತೀನಿ, ಕೈಗೆ ಹಿತ" ಎಂದು ಕೇಳಿ ತೆಗೆದುಕೋ. ಹಡಗಿಗೆ ಹಾಕು. ನಾನು ಬರೆದು ಮೂರನೆಯ ದಿನ ತಿರುಗಿ ಕಳಿಸುತ್ತೇನೆ. ಎದುರಿಗೆ ನಿಂತ ಗಿರಾಕಿಗಳನ್ನು ಮುದುಕಿ ನೋಡಿಕೊಳ್ಳಲಿ.

ಗೆನ್ಕಿಚಿ


ಮಾತ್ಸುಯೆ
೧೯೬೨, ಜೂನ್ ೨೪

ಮಾವನಿಗೆ,

ಹಾಳೆಗಳು ಬಂದವು. ಅಕ್ಕಿಯಿಂದ ಸಾಕೆ ಮದ್ಯ ಮಾಡುವ ಹಿನೊಕುರಾ ಭಟ್ಟಿಯವರ ಇನ್ನೂರೈವತ್ತೂ ಒಪ್ಪಿಗೆಯಾದವು. ಮುಖ್ಯಸ್ಥರು ಒಂದನ್ನು ಎತ್ತಿ ಹಿಡಿದು ಉಳಿದ ಹುಡುಗಿಯರಿಗೆ ತೋರಿಸಿದರು. ನನ್ನ ಕಿವಿ ಸುಟ್ಟಂತಾಯಿತು.

ಒರಿತೊ ಅವರು ಒಂದು ಹಾಳೆ ಮುಖದ ಹತ್ತಿರ ಹಿಡಿದು, "ಹಿಸಾಯೊ, ನಿಮ್ಮ ಹಾಸ್ಟೆಲು ಸಮುದ್ರದ ದಂಡೇಲಿದ್ಯೇನೇ?" ಎಂದು ಕೇಳಿದರು. ಇಲ್ಲ, ರೈಲು ನಿಲ್ದಾಣದ ಹಿಂದೆ ಎಂದೆ. "ಓಹೋ" ಎಂದು ಹಾಳೆಯನ್ನು ಮತ್ತೆ ಕಟ್ಟಿನ ಮೇಲಿಟ್ಟರು. ವಯಸ್ಸಾದವರು, ಏನಾದರೊಂದು ಮಾತು ಬೇಕಲ್ಲ.

ಭಟ್ಟಿಯ ಯಜಮಾನರು ಖುಷಿಯಾಗಿ ನನಗೊಂದು ಬಾಟಲಿ ಸಾಕೆ ಕಳಿಸಿದ್ದಾರೆ. ನಿಮಗೆ ಸೇರಬೇಕಾದದ್ದು. ಈ ಕಾಗದದ ಜೊತೆ ಕಳಿಸುತ್ತಿದ್ದೇನೆ.

ಹಿಸಾಯೊ


ಓಕಿ
೧೯೬೨, ಜುಲೈ ೬

ಹಿಸಾಯೊ,

ಬಾಟಲಿ ಬಂತು. ಕುತ್ತಿಗೆಗೆ ಕಟ್ಟಿದ ಚೀಟಿಯ ಮೇಲೆ 'ಕುರಾತಾನಿ ಹಿಸಾಯೊ ಅವರ ಸುಂದರ ಕೈಗೆ' ಎಂದಿತ್ತು. ಕಟ್ಟಿದವನಿಗೆ ಬರೆಯಲು ಬರುವುದಿಲ್ಲ, ಅಕ್ಷರ ಕುಂಟುತ್ತವೆ. ಚೀಟಿಯನ್ನು ಬಿಚ್ಚಿ ಇಟ್ಟಿದ್ದೇನೆ. ಸಾಕೆ ಪರವಾಗಿಲ್ಲ. ಸ್ವಲ್ಪ ಹುಳಿ.

ಅಂದು ರಾತ್ರಿ ಮಲಗಿದವನು ನಾನು ಎದ್ದು ಕೂತು, "ಸುಂದರ ಕೈಯಂತೆ" ಎಂದೆನಂತೆ. ನಿನ್ನ ಅತ್ತೆ, "ಇಷ್ಟು ಕಿಚ್ಚು ಹೊಟ್ಟೇಲಿಟ್ಕೊಂಡು ಒಲೆ ಹಚ್ಚೋಕೆ ನನ್ನ ಹತ್ರ ಬೆಂಕಿಕಡ್ಡಿ ಯಾಕ್ ಕೇಳ್ತೀರಿ?" ಎಂದಳು. ಹೆಂಗಸಿಗೆ ತಿಳಿಯದು. ನನಗೆ ಯಾರ ಮೇಲೂ ಹೊಟ್ಟೆಕಿಚ್ಚಿಲ್ಲ. ನನ್ನ ಕೈಯ ಮೇಲೆ ನಾನೇ ಕಿಚ್ಚುಪಡುವುದುಂಟೆ?

ಮುಖ್ಯಸ್ಥರು ಎತ್ತಿ ತೋರಿಸಿದಾಗ ಏನೇನು ಹೇಳಿದರು? ಒಂದೊಂದು ಮಾತನ್ನೂ ಬರೆ. ಬಾಲವನ್ನು ಗಮನಿಸಿದರೋ ಇಲ್ಲವೋ? ಸುಮ್ಮನೆ ಕೇಳುತ್ತಿದ್ದೇನೆ.

ಗೆನ್ಕಿಚಿ


ಮಾತ್ಸುಯೆ
೧೯೬೨, ಆಗಸ್ಟ್ ೨೫

ಮಾವನಿಗೆ,

ಬೇಸಿಗೆಯ ಗಲಾಟೆ ಮುಗಿಯಿತು. ಇನ್ನು ವರ್ಷದ ಕೊನೆಯ ಉಡುಗೊರೆಗಳ ತನಕ ದೊಡ್ಡ ಕೆಲಸ ಇಲ್ಲ. ಆದ್ದರಿಂದ ಸದ್ಯ ಹಾಳೆ ಕಳಿಸುತ್ತಿಲ್ಲ. ನೀವು ಬರೆದವುಗಳಲ್ಲಿ ಮಿಕ್ಕದ್ದನ್ನು ನಾನು ಇಟ್ಟುಕೊಂಡಿದ್ದೇನೆ. ಬೇಸರಪಡಬೇಡಿ.

ಅಮ್ಮನಿಗೆ ಕೈಗೆ ಹಚ್ಚುವ ಮುಲಾಮು ಕಳಿಸಿದ್ದೇನೆ. ನಾನು ಆರೋಗ್ಯವಾಗಿದ್ದೇನೆ. ಕೈಗೆ ಸುತ್ತಿದ ಬಟ್ಟೆ ಬಿಚ್ಚಿದೆ. ಬೇರೇನೂ ವಿಶೇಷವಿಲ್ಲ.

ಹಿಸಾಯೊ


ಓಕಿ
೧೯೬೨, ಸೆಪ್ಟೆಂಬರ್ ೧೫

ಹಿಸಾಯೊ,

ಆರು ಸಾಲಿನ ಕಾಗದ. ಅದನ್ನು ಹೊತ್ತು ತರಲು ಹಡಗು ಸುಟ್ಟ ಕಲ್ಲಿದ್ದಲೂ ದಂಡ.

ಒಂದು ವಿಷಯ ನೇರವಾಗಿ ಕೇಳುತ್ತೇನೆ. ಲಕೋಟೆಯ ಮೇಲಿನ ವಿಳಾಸ ಬರೆದವರು ಯಾರು? ಮೇ ತಿಂಗಳಲ್ಲಿ ನೀನು ಬರೆದ ನನ್ನ ಹೆಸರು ಗಾಳಿಗೆ ಬಿದ್ದ ಬೇಲಿಯ ಹಾಗಿತ್ತು. ಈಗ ಬಂದ ಲಕೋಟೆಯಲ್ಲಿ ಗೆರೆಗಳು ನೆಟ್ಟಗೆ ನಿಂತಿವೆ, ಉಸಿರಾಡುತ್ತಿವೆ. ನೀನಂತೂ ಅಲ್ಲ. ಯಾರೋ ಹುಡುಗ ಇದ್ದಾನೆ. ಅಂಗಡಿಯ ಗುಮಾಸ್ತನೋ, ಶಾಲೆಯ ಮೇಷ್ಟರೋ. ನಿನಗೆ ವಿಳಾಸ ಬರೆದುಕೊಡುತ್ತಾನೆ, ನೀನು ಪಕ್ಕದಲ್ಲಿ ಕೂತು ನೋಡುತ್ತೀಯೆ. ಇರಲಿ, ವಯಸ್ಸಿಗೆ ಬಂದವಳು. ಆದರೆ ಅವನಿಗೆ ಹೇಳು, ಕೆಳಗಿನ ಗೆರೆಯಲ್ಲಿ ಒತ್ತು ಸಾಲದು. ಮಾವನ ಹತ್ತಿರ ಒಂದು ವರ್ಷ ಕಲಿತರೆ ಸರಿಹೋದೀತು.

ಅಥವಾ ಆ ಒರಿತೊ ಮುದುಕಿ ಬರೆದುಕೊಟ್ಟಳೋ? ಹಾಗಾದರೆ ನಿನಗೆ ನನ್ನ ಕೈ ಬೇಡವಾಗಿದೆ ಎಂದಾಯಿತು. ಹೇಳಿಬಿಡು. ಸಂತೋಷವಾಗಿ ಪೆಟ್ಟಿಗೆ ಬರೆದುಕೊಂಡಿರುತ್ತೇನೆ.

ಕೋಪವಿಲ್ಲ ಎಂದು ತೋರಿಸಲು ಇದರ ಜೊತೆ ಒಂದು ಕಟ್ಟು ಮಾದರಿ ಹಾಳೆ ಇಟ್ಟಿದ್ದೇನೆ. ವರ್ಷದ ಕೊನೆಗೆ ಬೇಕಾದ ಎಲ್ಲ ವಂದನೆಯ ಮಾತುಗಳೂ ಇವೆ. ದೊಡ್ಡದಾಗಿ, ಕೆಲವು ಆಳೆತ್ತರ, ಬಾಲ ಸಮೇತ.

ಗೆನ್ಕಿಚಿ


ಮಾತ್ಸುಯೆ
೧೯೬೨, ನವೆಂಬರ್ ೫

ಮಾವನಿಗೆ,

ಹುಡುಗ ಗಿಡುಗ ಯಾರೂ ಇಲ್ಲ. ವಿಳಾಸದ ವಿಷಯ ಹೊಸ ವರ್ಷಕ್ಕೆ ಊರಿಗೆ ಬಂದಾಗ ಎದುರಿಗೇ ಹೇಳುತ್ತೇನೆ. ನಿಮ್ಮ ಮಾದರಿ ಹಾಳೆಗಳು ತುಂಬ ಉಪಯೋಗಕ್ಕೆ ಬಂದವು.

ಅಂಗಡಿಯ ಮುಂಬಾಗಿಲ ಗಾಜಿನ ಕಿಟಕಿಯಲ್ಲಿ ಆಳೆತ್ತರದ ಒಂದು ಬರಹ ತೂಗುಹಾಕಿದ್ದಾರೆ, 'ಈ ವರ್ಷವೆಲ್ಲ ನಿಮ್ಮ ದಯೆ' ಎಂದು. ಅದರ ಕೆಳಗೆ ಚೀಟಿಯಲ್ಲಿ ನನ್ನ ಹೆಸರಿದೆ. ಅಮ್ಮನಿಗೆ ಹೇಳಿ, ಸಂತೋಷಪಡಲಿ. ಫೆಬ್ರವರಿಗೆ ನನ್ನನ್ನು ಕಾಯಂ ಮಾಡುವ ಮಾತು ನಡೆದಿದೆ. ಆಮೇಲೆ ಅಮ್ಮ ತೊಟ್ಟಿಯ ಕೆಲಸ ಬಿಟ್ಟುಬಿಡಬಹುದು.

ನೋಡಲೆಂದು ನೀವು ಬರುವುದು ಬೇಡ. ಸಮುದ್ರ ಒರಟಾಗಿದೆ ಎನ್ನುತ್ತಾರೆ.

ಹಿಸಾಯೊ


ಓಕಿ
೧೯೬೨, ನವೆಂಬರ್ ೨೪

ಹಿಸಾಯೊ,

ಹಲ್ಲು ನೋಯುತ್ತಿತ್ತೆಂದು ಕಳೆದ ವಾರ ಮಾತ್ಸುಯೆಗೆ ಬಂದಿದ್ದೆ. ನಿನಗೆ ತೊಂದರೆ ಏಕೆಂದು ತಿಳಿಸಲಿಲ್ಲ. ಅಂಗಡಿಯ ಮುಂದೆ ಹಾದುಹೋಗುವುದು ದಾರಿಯಲ್ಲೇ ಇತ್ತು, ಹೀಗೇ ಒಂದು ಕಣ್ಣು ಹಾಯಿಸಿದೆ.

ಹಿಸಾಯೊ, ಎಂಥ ಬರಹ ಅದು. ನನ್ನದೆಂದು ಹೇಳುತ್ತಿಲ್ಲ. ಹಾಳೆಯಿಂದ ಅಕ್ಷರ ಹೊರಗೆ ಹೆಜ್ಜೆ ಇಡುವ ಹಾಗಿತ್ತು. ಕೊನೆಯ ಗೆರೆಯ ತುದಿಯಲ್ಲಿ ಬಾಲವನ್ನು ಕಂಡಾಗ ಗಾಜಿಗೆ ಮೂಗು ತಾಗಿಸಿ ನಿಂತೆ. ಸೆಪ್ಟೆಂಬರಿನಲ್ಲಿ ಕಳಿಸಿದ ಕಟ್ಟಿನಲ್ಲಿದ್ದದ್ದಲ್ಲವೆ? ಬರೆಯುವಾಗ ಇಷ್ಟು ಚೆನ್ನಾಗಿದೆ ಎಂದು ನನಗೇ ತೋರಿರಲಿಲ್ಲ. ಅದರ ಕೆಳಗೆ ನಿನ್ನ ಹೆಸರಿನ ಚೀಟಿ, ಅಚ್ಚು ಹಾಕಿಸಿದ್ದು.

ಪಕ್ಕದಲ್ಲಿ ಒಬ್ಬ ಸಣಕಲು ಮುದುಕಿ ಹೆಣೆದ ಕೈಚೀಲ ಹಿಡಿದು ನಿಂತಿದ್ದಳು. ಬರಹ ಬಲ್ಲವಳ ಹಾಗಿದ್ದಳು. ಬಹಳ ಹೊತ್ತು ಮಾತಾಡಿದೆವು. ಬರೀ ಹವೆಯ ವಿಚಾರ. ತನ್ನ ಮನೆತನದ ಹೆಸರನ್ನು ಬರೆದುಕೊಡಿ ಎಂದು ಕೇಳಿದಳು, ನಾನು ಬಂದ ಹಡಗಿನ ಟಿಕೆಟಿನ ಹಿಂದೆ ಬರೆದುಕೊಟ್ಟೆ. ಓದಿ ನಕ್ಕು, "ಮೂರು ಗಂಟೆಗೆ ಹಡಗಿದೆ ಯಜಮಾನ್ರೇ, ಹೊರಟುಬಿಡಿ" ಎಂದಳು. ಅದರಲ್ಲಿ ನಗುವಂಥದ್ದೇನು? ಆಮೇಲೆ ಸ್ವಲ್ಪ ಒಳಗೂ ಹೋಗಿ ಬಂದೆ. ಕಾಲುಚೀಲ ಕೊಳ್ಳೋಣ ಎಂದು.

ಹಲ್ಲು ಈಗ ಪರವಾಗಿಲ್ಲ.

ಗೆನ್ಕಿಚಿ


ಓಕಿ
೧೯೬೨, ಡಿಸೆಂಬರ್ ೧೪

ಹಿಸಾಯೊ,

ಹದಿನಾರು ದಿನದಿಂದ ಹಡಗಿಲ್ಲ. ಗಾಳಿ ಬಂದರನ್ನೇ ಕಿತ್ತುಕೊಂಡು ಹೋಗುವ ಹಾಗಿದೆ. ಈ ಕಾಗದ ಯಾವಾಗ ನಿನ್ನ ಕೈಗೆ ಬರುವುದೋ. ಆದರೂ ಬರೆಯುತ್ತಿದ್ದೇನೆ, ಬರೆಯದೆ ಇದ್ದರೆ ನನಗೆ ಆಗುವುದಿಲ್ಲ.

ಊರಿನವರಿಗೆ ಕಿಟಕಿಯ ಬರಹದ ವಿಷಯ ತಿಳಿಯಿತು. ಮೀನು ಸಂಘದ ಅಧ್ಯಕ್ಷರು ನಿನ್ನ ತಾಯಿಯನ್ನು ನಿಲ್ಲಿಸಿ, "ಯೊನೆ, ನಿನ್ನ ಮಗಳು ಕಣಮ್ಮ ನಮ್ಮ ದ್ವೀಪದ ಕೈ" ಎಂದರು. ನಾನು ಅಲ್ಲೇ ಪೆಟ್ಟಿಗೆ ಬರೆಯುತ್ತ ಕೂತಿದ್ದೆ. ಕತ್ತು ತಿರುಗಿಸಿ ನನ್ನ ಕಡೆಗೂ ನೋಡಲಿಲ್ಲ. ಮೂವತ್ತೊಂದು ವರ್ಷ. ಆ ಪೆಟ್ಟಿಗೆಯ ಮೇಲೆ ಬಾಲವನ್ನು ಒಂದು ಗೇಣು ಎಳೆದುಬಿಟ್ಟೆ.

ಈಗ ನಿಜ ಹೇಳಿಬಿಡುತ್ತೇನೆ. ಅಂಗಡಿಯ ಒಳಗೆ ಹೋದದ್ದು ಕಾಲುಚೀಲಕ್ಕಲ್ಲ. ಆ ಮುದುಕಿ ನಕ್ಕದ್ದು ತಡೆಯಲಾಗಲಿಲ್ಲ. ಮುಖ್ಯಸ್ಥರನ್ನು ಕರೆಸಿ, "ಹೆಸರಿನ ಚೀಟಿ ತಪ್ಪಾಗಿದೆ ಸ್ವಾಮಿ, ಬರೆದೋನು ನಾನು, ನನ್ನ ತಂಗಿ ಮಗಳು ಅಲ್ಲ" ಎಂದೆ. ಅಷ್ಟೇ. ನಿನ್ನ ಹೆಸರು ತೆಗೆಯಿರಿ ಎನ್ನಲಿಲ್ಲ. ಪಕ್ಕದಲ್ಲಿ ನನ್ನದನ್ನೂ ಹಾಕಲಿ ಎಂಬುದು ನನ್ನ ಮನಸ್ಸಿನಲ್ಲಿದ್ದದ್ದು. ಅವರು ಬಹಳ ಮರ್ಯಾದೆಯಿಂದ ತಲೆ ಬಾಗಿಸಿ, "ತಿಳಿಸಿದ್ದು ಉಪಕಾರವಾಯ್ತು" ಎಂದರು. ಚಹಾ ತರಿಸಿಕೊಟ್ಟರು. ಒಳ್ಳೆಯ ಮನುಷ್ಯ. ನಿನಗೇನೂ ತೊಂದರೆ ಮಾಡಿರಲಾರರು.

ಮಾಡಿದರೆ? ಉತ್ತರ ಬರೆ.

ಗೆನ್ಕಿಚಿ


ಮಾತ್ಸುಯೆ
೧೯೬೨, ನವೆಂಬರ್ ೩೦
(ಓಕಿಗೆ ತಲುಪಿದ್ದು ಡಿಸೆಂಬರ್ ೨೭)

ಮಾವನಿಗೆ,

ನನ್ನನ್ನು ಕೆಲಸದಿಂದ ತೆಗೆದರು.

ನೀವು ಮಾತಾಡಿದ ಮುದುಕಿಯೇ ಒರಿತೊ ಅವರು. ನೀವು ಅವರ ಮನೆತನದ ಹೆಸರು ಬರೆದುಕೊಟ್ಟ ಟಿಕೆಟನ್ನು ಅವರು ಕೈಚೀಲದಲ್ಲಿಟ್ಟುಕೊಂಡು ಸುಮ್ಮನಿದ್ದರು. ಯಾರಿಗೂ ತೋರಿಸುವವರಲ್ಲ. ನೀವು ಒಳಗೆ ಬಂದು ಹೇಳಿಹೋದ ಮೇಲೆ ಮುಖ್ಯಸ್ಥರು ನನ್ನ ಅರ್ಜಿ ತೆಗೆಸಿ, ಅದರ ಎದುರಿಗೇ ನಾಲ್ಕು ಸಾಲು ಬರೆಯಲು ನನಗೆ ಹೇಳಿದರು. ಬರೆಯುವ ಮೊದಲೇ ನಾನು ಎಲ್ಲ ಹೇಳಿಬಿಟ್ಟೆ. ಅರ್ಜಿ, ಮಣಿಕಟ್ಟು, ಹಡಗಿನಲ್ಲಿ ಹೋಗಿಬಂದ ಇನ್ನೂರೈವತ್ತು ಹಾಳೆ.

ನಿಮಗೆ ಹೇಳದೆ ಬಿಟ್ಟದ್ದನ್ನು ಈಗ ಹೇಳುತ್ತೇನೆ. ಜೂನಿನಲ್ಲೇ ಒರಿತೊ ಅವರಿಗೆ ಗೊತ್ತಾಗಿತ್ತು. ಹಾಳೆಗಳಿಗೆ ಬೊಂಡಾಸಿನ ವಾಸನೆ ಇತ್ತಂತೆ. ಒಂದು ಸಂಜೆ ಅಂಗಡಿ ಮುಚ್ಚಿದ ಮೇಲೆ ನನ್ನನ್ನು ಕೂರಿಸಿ, "ಸುಳ್ಳನ್ನ ನಿಜ ಮಾಡೋಕೆ ಒಂದೇ ದಾರಿ ಕಣೇ, ಕಲಿಬೇಕು. ತಗೋ ಕುಂಚ" ಎಂದರು. ಅಂದಿನಿಂದ ಪ್ರತಿ ಸಂಜೆ ಬರೆದೆ. ನಿಮ್ಮ ಹಾಳೆಗಳನ್ನೇ ಮುಂದಿಟ್ಟುಕೊಂಡು ಬರೆದೆ. ನಿಮಗೆ ಕಳಿಸಿದ ಲಕೋಟೆಯ ವಿಳಾಸ ಬರೆದವಳು ನಾನೇ.

ಕಿಟಕಿಯ ಬರಹ ನಿಮ್ಮದಲ್ಲ, ಮಾವ. ಒರಿತೊ ಅವರ ಕಣ್ಣೆದುರಿಗೆ ನಾನು ಬರೆದದ್ದು. ನಲವತ್ತು ಹಾಳೆ ಕೆಟ್ಟವು, ಅದು ನಲವತ್ತೊಂದನೆಯದು. ಆ ಬಾಲ ನಿಮ್ಮಿಂದ ಕಲಿತದ್ದು. ಅದನ್ನು ಹೊಸ ವರ್ಷಕ್ಕೆ ಎದುರಿಗೇ ಹೇಳಿ ನಿಮ್ಮ ಮುಖ ನೋಡಬೇಕೆಂದು ಆಸೆಯಿತ್ತು. ಈ ಅಂಗಡಿಯಲ್ಲಿ ನಾನು ಪ್ರಾಮಾಣಿಕವಾಗಿ ಮಾಡಿದ್ದು ಅದೊಂದೇ. ನೀವು ಅದನ್ನೇ ನನ್ನದಲ್ಲ ಎಂದು ಹೇಳಿಹೋದಿರಿ.

ಒರಿತೊ ಅವರು ನನಗಾಗಿ ತಲೆ ಬಾಗಿಸಿ ಬೇಡಿಕೊಂಡರು. ಮುಖ್ಯಸ್ಥರು, "ಕೈ ಒಳ್ಳೇದಿದೆ, ಇಲ್ಲ ಅನ್ನಲ್ಲ. ಆದ್ರೆ ಕೆಲಸಕ್ಕೆ ಸೇರೋವಾಗ ಅರ್ಜೀಲಿ ತೋರಿಸಿದ್ದು ಬೇರೆಯವರ ಕೈ. ಅವತ್ತು ಹೊರಗೆ ಉಳಿದ ನೂರಾ ಮೂವತ್ತೊಂದು ಹುಡುಗೀರಿಗೆ ನಾನೇನು ಹೇಳಲಿ?" ಎಂದರು. ನಾನು ಬರಹದ ಮೇಜಿಗೆ ಹೋಗಿ ಕುಂಚ ತೊಳೆದಿಟ್ಟು ಬಂದೆ.

ಊರಿಗೆ ಬರುವುದಿಲ್ಲ. ಇಲ್ಲಿ ಒಂದು ಸಣ್ಣ ಕಾಗದದ ಅಂಗಡಿಗೆ ಜನ ಬೇಕಾಗಿದ್ದಾರೆ. ಅರ್ಜಿ ಹಾಕುತ್ತೇನೆ. ಹಿಂದಿನ ಕೆಲಸ ಬಿಟ್ಟದ್ದಕ್ಕೆ ಎಲ್ಲರೂ 'ಸ್ವಂತ ಕಾರಣ' ಎಂದು ಬರೆಯುತ್ತಾರೆ. ಯಾರೂ ಕೆದಕಿ ಕೇಳುವುದಿಲ್ಲ. ನಾನು ನಡೆದದ್ದನ್ನೇ ಬರೆಯುತ್ತೇನೆ. ತೆಗೆದುಕೊಳ್ಳುತ್ತಾರೋ ಇಲ್ಲವೋ ಗೊತ್ತಿಲ್ಲ. ಅಮ್ಮನಿಗೆ ಈ ಚಳಿಗಾಲವೂ ತೊಟ್ಟಿ ತಪ್ಪಲಿಲ್ಲ ಎಂಬುದೊಂದೇ ನನ್ನನ್ನು ತಿನ್ನುತ್ತಿದೆ.

ನನ್ನ ಮೇಲೆ ನಿಮಗೆ ಇಷ್ಟು ಹೊಟ್ಟೆಕಿಚ್ಚು ಎಂದು ನನಗೆ ತಿಳಿದಿರಲಿಲ್ಲ.

ಹಿಸಾಯೊ


ಓಕಿ
೧೯೬೩, ಜನವರಿ ೮

ಹಿಸಾಯೊ,

ಹವೆ ಕೆಟ್ಟದಾಗಿದೆ.

ಅಕ್ಷರ ನೋಡಿ ಯಾರದೋ ಕಾಗದ ಎಂದುಕೊಳ್ಳಬೇಡ, ನನ್ನದೇ. ನಿನ್ನ ಕಾಗದ ಬಂದ ಮರುದಿನದಿಂದ ತೊಟ್ಟಿಯ ಹತ್ತಿರ ಯೊನೆಯ ಜಾಗದಲ್ಲಿ ನಾನು ನಿಂತಿದ್ದೇನೆ. ಅವಳು, "ಅಣ್ಣ, ನಿನ್ನ ಬರೆಯೋ ಕೈ ಹಾಳಾಗತ್ತೆ" ಎಂದು ತಡೆದಳು. "ಆಗಲಿ ಬಿಡೆ" ಎಂದೆ. ಮೀನು ತೊಳೆಯುವ ಹೆಂಗಸರು ಮೂರು ದಿನ ಗೇಲಿ ಮಾಡಿದರು. "ಗೆನ್ಕಿಚಣ್ಣ, ಹೆಸರು ಬರೆದು ತೊಳೀತೀಯೋ, ತೊಳೆದು ಹೆಸರು ಬರೀತೀಯೋ" ಎನ್ನುತ್ತಿದ್ದರು. ಈಗ ಬಿಟ್ಟಿದ್ದಾರೆ. ಬೆರಳುಗಳು ಎಂಟು ಕಡೆ ಒಡೆದಿವೆ. ಕುಂಚ ಹಿಡಿದರೆ ರಕ್ತ ಅಂಟುತ್ತದೆ. ನೀನು ಕಳಿಸಿದ್ದ ಮುಲಾಮನ್ನು ಯೊನೆ ನನಗೂ ಸ್ವಲ್ಪ ಕೊಟ್ಟಳು. ಪೆಟ್ಟಿಗೆ ಬರೆಸುವುದನ್ನು ನಿಲ್ಲಿಸಿ ಸಂಘದವರು ಅಚ್ಚಿನ ಚೀಟಿ ಅಂಟಿಸುತ್ತಾರಂತೆ. ಮೂವತ್ತೊಂದು ವರ್ಷ ಎಂದು ಹಿಂದೆ ಹೇಳಿದ್ದೆ. ಇಪ್ಪತ್ತೆಂಟು. ಮೂರು ಸೇರಿಸಿದ್ದೆ.

ನಿನ್ನ ಕೊನೆಯ ಸಾಲನ್ನು ಬಹಳ ಸಲ ಓದಿದೆ. ನಿನ್ನ ಅತ್ತೆಗೂ ಓದಿ ಹೇಳಿದೆ. ಅವಳು ಎದ್ದು ಹೋಗಿ ಕಪಾಟಿನ ಅಡಿಯಿಂದ ಒಂದು ಕಟ್ಟು ತಂದು ನನ್ನ ಮುಂದೆ ಇಟ್ಟಳು. ಒಲೆಗೆ ಹಾಕಿದೆ ಎಂದು ನಿನಗೆ ಬರೆದಿದ್ದೆನಲ್ಲ, ಆ ಏಳು ಹಾಳೆ. ನಾನು ಹಾಕಿರಲಿಲ್ಲ, ಹಾಕಲು ಧೈರ್ಯ ಬಂದಿರಲಿಲ್ಲ. ಅದು ಅವಳಿಗೆ ಗೊತ್ತಿತ್ತು.

ಆರು ನೀನು ಕೆಡಿಸಿದ್ದು ನಿಜ. ಏಳನೆಯದನ್ನು ನೀನು ಕೆಡಿಸಲಿಲ್ಲ. ಅದು ಮುಗಿಯುತ್ತ ಬಂದಿತ್ತು. ಒಂದು ತಪ್ಪಿರಲಿಲ್ಲ. ಅಕ್ಷರ ಬೇಲಿಯ ಹಾಗಿದ್ದರೂ ಬೇಲಿ ನಿಂತಿತ್ತು. ನೀನು ಲೇಖನಿ ಕೆಳಗಿಟ್ಟು ಕೆಂಡ ಕೆದಕಲು ಒಲೆಯ ಕಡೆ ತಿರುಗಿದೆ. ಆಗ ನನಗೆ ಅನ್ನಿಸಿತು, ಇವಳು ಹೈಸ್ಕೂಲು ಓದಿದಳು, ಈಗ ಅರ್ಜಿಯನ್ನೂ ತಾನೇ ಬರೆದಳು, ನಾಳೆ ಹಡಗು ಹತ್ತಿ ಹೋಗುತ್ತಾಳೆ, ಗೆನ್ಕಿಚಿಯ ಕೈ ಬೇಕಾಗುವುದಿಲ್ಲ. ನೀನು ಈ ಕಡೆ ತಿರುಗುವಷ್ಟರಲ್ಲಿ ಲೇಖನಿ ನನ್ನ ಕೈಯಲ್ಲಿತ್ತು. ನಾನು ಅದನ್ನು ಹಾಳೆಯ ಮೇಲೆ ಕೊಡವಿದೆ. ನೀನು ಅಳುವಾಗ, "ಅಯ್ಯೋ ಪಾಪ, ಜಾರಿತೇನೇ" ಎಂದವನು ನಾನೇ.

ಆ ಹಾಳೆ ಇದರ ಜೊತೆ ಇದೆ. ಕಾಗದದ ಅಂಗಡಿಯವರಿಗೆ ತೋರಿಸು, ಬಿಡು, ನಿನ್ನಿಷ್ಟ. 'ವಿಶೇಷ ಪರಿಣತಿ' ಎಂಬ ಕಡೆ ಖಾಲಿ ಇದೆ. ಅಲ್ಲಿ ಈಗ ನೀನೇ ಏನಾದರೂ ಬರೆದುಕೊಳ್ಳಬಹುದು, ಬರೆದರೆ ಸುಳ್ಳಾಗುವುದಿಲ್ಲ.

ಉಳಿದ ಅಕ್ಷರಗಳೆಲ್ಲ ನಿನ್ನವು. ಈ ಹಾಳೆಯಲ್ಲಿ ನನ್ನದೆಂದು ಹೇಳಿಕೊಳ್ಳಲು ಇರುವುದು ಆ ಮಸಿಯ ಹನಿಯೊಂದೇ.

ಗೆನ್ಕಿಚಿ